ಬಾಲ್ ಪೈಥಾನ್ ಸಾಕುವವರೇ, ಪೆಟ್ಟಿಗೆಯ ನೆಲಕ್ಕೆ ಏನು ಹಾಸಿದ್ದೀರಿ?

ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದವರ ಬ್ಯಾಗಿನಲ್ಲಿ ಹಾವು ಸಿಕ್ಕಿತು ಅನ್ನೋ ಸುದ್ದಿ ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಒಬ್ಬ ಪ್ರಯಾಣಿಕನ ಬಳಿಯೇ 10 ಹಳದಿ ಅನಕೊಂಡಾಗಳು ಸಿಕ್ಕಿದ್ದವು. ಇಂಥ ಸುದ್ದಿ ಬಂದಾಗ ನಾವು ಕಳ್ಳಸಾಗಣೆ ಬಗ್ಗೆ ಮಾತಾಡ್ತೀವಿ, ಮಾತಾಡಲೇಬೇಕು. ಆದರೆ ಈಗಾಗಲೇ ಫ್ಲ್ಯಾಟುಗಳೊಳಗೆ ಸೇರಿಕೊಂಡಿರುವ ವಿದೇಶಿ ಹಾವುಗಳು ಯಾವ ನೆಲದ ಮೇಲೆ ಬದುಕುತ್ತಿವೆ? ನಾನು ಅಕ್ಷರಶಃ ನೆಲದ ಬಗ್ಗೆಯೇ ಕೇಳುತ್ತಿದ್ದೇನೆ. ಗಾಜಿನ ಪೆಟ್ಟಿಗೆಯ ತಳಕ್ಕೆ ಹಾಸುವ ವಸ್ತು, ಸಾಕುವವರ ಭಾಷೆಯಲ್ಲಿ ಸಬ್‌ಸ್ಟ್ರೇಟ್.

ಮೊದಲು ಕಾನೂನು. ನಾಗರ, ಕೇರೆ, ಹೆಬ್ಬಾವು ಹೀಗೆ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ಆಫ್ರಿಕಾದ್ದು, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಹಾಗಾಗಿ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಅದನ್ನು ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಾವನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವುದೇ ಸರಿಯಾ ಅನ್ನೋ ಪ್ರಶ್ನೆ ನನಗಿದೆ. ಆದರೆ ನಮ್ಮ ನೈತಿಕ ಚರ್ಚೆ ಮುಗಿಯುವವರೆಗೆ ಆ ಹಾವು ಉಸಿರು ಹಿಡಿದು ಕಾಯುವುದಿಲ್ಲ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲಿನ ಹಾವು. ಹುಲ್ಲುಗಾವಲು ಅಂದಕೂಡಲೇ ಒಣನೆಲ ಅಂದುಕೊಂಡು ಪೆಟ್ಟಿಗೆಗೆ ಮರಳು ಸುರಿಯುವವರಿದ್ದಾರೆ. ಅದು ಹಗಲು ಕಳೆಯುವುದು ಇಲಿಬಿಲದಲ್ಲಿ, ಹುತ್ತದಲ್ಲಿ. ಮೇಲೆ ಬಿಸಿಲು ಸುಡುತ್ತಿದ್ದರೂ ಹುತ್ತದೊಳಗೆ ತೇವ ಇರುತ್ತೆ ಅನ್ನೋದು ಹಳ್ಳಿ ಕಂಡ ಯಾರಿಗೂ ಹೊಸ ವಿಷಯವಲ್ಲ. ನಾವು ಹಾಸುವ ನೆಲ ಆ ಹುತ್ತದ ಕೆಲಸ ಮಾಡಬೇಕು.

ಇಲ್ಲೊಂದು ಸಣ್ಣ ಲೆಕ್ಕ. ಥರ್ಮೋಡೈನಮಿಕ್ಸ್ ಪಾಸ್ ಮಾಡಲು ಒದ್ದಾಡಿದವರಿಗೂ ಅರ್ಥವಾಗುವಂಥದ್ದು. ಕೋಣೆಯಲ್ಲಿ 22 ಡಿಗ್ರಿ ಉಷ್ಣಾಂಶ, ಶೇ. 60 ತೇವಾಂಶ ಇದೆ ಅಂತಿಟ್ಟುಕೊಳ್ಳಿ. ಈ ಹಾವಿಗೆ ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ ಬೆಚ್ಚಗಿರಬೇಕು. ಅದೇ ಗಾಳಿಯನ್ನು ಅಷ್ಟು ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ ಸುಮಾರು ಶೇ. 33ಕ್ಕೆ ಇಳಿಯುತ್ತದೆ. ಹಾವಿಗೆ ಬೇಕಿರುವುದು ಶೇ. 60ರ ಆಸುಪಾಸು, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಕಡಿಮೆಯಾದರೆ ಪೊರೆ ಒಂದೇ ಸಲಕ್ಕೆ ಕಳಚದೆ ಚೂರುಚೂರಾಗಿ ಅಂಟಿಕೊಳ್ಳುತ್ತೆ, ಕಣ್ಣಿನ ಮೇಲೂ ಉಳಿಯಬಹುದು. ಈ ಕೊರತೆ ತುಂಬುವುದು ನೆಲದಲ್ಲಿ ಹಿಡಿದಿಟ್ಟ ನೀರು.

ಈಗ ಆಯ್ಕೆಗಳು. ಪೇಪರ್ ಅಗ್ಗ, ಬದಲಿಸುವುದು ಸುಲಭ. ಹೇನಿನಂಥ ಪರೋಪಜೀವಿ ಇದ್ದರೆ ತಕ್ಷಣ ಕಾಣುತ್ತೆ. ಹೊಸದಾಗಿ ಬಂದ ಅಥವಾ ಕಾಯಿಲೆ ಬಿದ್ದ ಹಾವಿಗೆ ಅದೇ ಸರಿ. ಆದರೆ ಪೇಪರ್ ತೇವ ಹಿಡಿದಿಡುವುದಿಲ್ಲ, ಅದರೊಳಗೆ ತೂರಿಕೊಳ್ಳಲೂ ಆಗುವುದಿಲ್ಲ. ಆಸ್ಪೆನ್ ಮರದ ಸಿಪ್ಪುಚೂರು ಒಣಗಿರುವವರೆಗೆ ಚೆಂದ, ಅಮೆರಿಕದ ಕಾರ್ನ್ ಸ್ನೇಕ್‌ಗೆ ಒಪ್ಪುತ್ತೆ. ಒದ್ದೆಯಾದರೆ ಬೂಷ್ಟು ಹಿಡಿಯುತ್ತೆ. ಸೀಡರ್, ಪೈನ್‌ನಂಥ ಘಾಟು ವಾಸನೆಯ ಮರ ಬೇಡವೇ ಬೇಡ, ಅವುಗಳ ಎಣ್ಣೆಯಂಶ ಉಸಿರಾಟಕ್ಕೆ ತೊಂದರೆ ಕೊಡುತ್ತೆ. ಸಾಮಿಲ್‌ನ ಹೊಟ್ಟೂ ಬೇಡ. ಅದರಲ್ಲಿ ಯಾವ ಮರ, ಯಾವ ಪ್ಲೈವುಡ್‌ನ ಅಂಟು ಬೆರೆತಿದೆಯೋ ಯಾರಿಗೂ ಗೊತ್ತಿರಲ್ಲ. ಹಾವಿನ ಮೂಗು ಇರುವುದು ಆ ಧೂಳಿನ ಮಟ್ಟದಲ್ಲೇ.

ಉಳಿದದ್ದು ತೆಂಗು. ವಿದೇಶದ ಸಾಕುಪ್ರಾಣಿ ಅಂಗಡಿಗಳಲ್ಲಿ ಹಾವಿನ ಹಾಸು ಅಂತ ಮಾರುವ ತೆಂಗಿನ ನಾರಿನ ಪುಡಿಯನ್ನು ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುವುದು ಭಾರತ ಮತ್ತು ಶ್ರೀಲಂಕಾ. ತುಮಕೂರು, ಹಾಸನದ ತೋಟಗಳ ಸಿಪ್ಪೆಯಿಂದಲೂ ಅದನ್ನು ಮಾಡಬಹುದು. ನರ್ಸರಿಯಲ್ಲಿ ಕೋಕೋಪೀಟ್ ಇಟ್ಟಿಗೆ ಕೊಳ್ಳುವಾಗ ಎರಡು ವಿಷಯ ನೋಡಿ: ಗೊಬ್ಬರ ಬೆರೆಸಿರಬಾರದು, ಉಪ್ಪಿನಂಶ ತೊಳೆದಿರಬೇಕು. ನೆನೆಸಿ, ಚೆನ್ನಾಗಿ ಹಿಂಡಿ, ಮೂರು-ನಾಲ್ಕು ಅಂಗುಲ ಹಾಸಿ, ಮೇಲೆ ಸಿಪ್ಪೆಯ ದಪ್ಪ ಚೂರು ಹರಡಿ. ನೀರನ್ನು ಮೇಲಿಂದ ಚಿಮುಕಿಸದೆ ಮೂಲೆಗಳಲ್ಲಿ ಸುರಿಯಿರಿ. ತಳ ಒದ್ದೆ, ಮೇಲು ಒಣ, ಹುತ್ತದ ಹಾಗೆ. ಮೇಲ್ಪದರವೇ ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತೆ. ಇಷ್ಟು ದಪ್ಪ ಹಾಸಿದ ಮೇಲೆ ತಳದ ಹೀಟ್ ಮ್ಯಾಟ್ ನೆಚ್ಚಿಕೊಳ್ಳಬೇಡಿ. ಬಿಸಿ ಕೆಳಗೇ ಸಿಕ್ಕಿಕೊಂಡು, ಕೊರೆದು ಇಳಿದ ಹಾವು ಸುಟ್ಟುಕೊಳ್ಳಬಹುದು. ಬಿಸಿ ಮೇಲಿನಿಂದ ಬರಲಿ, ಥರ್ಮೋಸ್ಟ್ಯಾಟ್ ಇರಲೇಬೇಕು.

ಊರೂ ಲೆಕ್ಕಕ್ಕೆ ಬರುತ್ತೆ. ಮಾರ್ಚ್‌ನ ಬೆಂಗಳೂರಿನಲ್ಲಿ ಮತ್ತೆ ಮತ್ತೆ ನೀರು ಬೇಕಾದೀತು, ಜುಲೈನ ಮಂಗಳೂರಿನಲ್ಲಿ ಗಾಳಿಯಾಡಲು ಜಾಗ ಬೇಕು. ಅಂದಾಜು ಬಿಟ್ಟು ಒಂದು ಹೈಗ್ರೋಮೀಟರ್ ಇಡಿ. ಹಿಕ್ಕೆಯನ್ನು ಕಂಡ ದಿನವೇ ತೆಗೆಯಿರಿ.

ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ನಿಮ್ಮ ಕೆಲಸ, ಬಾಡಿಗೆ ಮನೆ, ಊರು ಬದಲಾದರೂ ಈ ನೆಲ ನೋಡಿಕೊಳ್ಳುವ ಕೆಲಸ ನಿಲ್ಲುವುದಿಲ್ಲ. ಇನ್ನೂ ಕೊಳ್ಳದವರು ರೀಲ್ಸ್‌ನಲ್ಲಿ ಹಾವಿನ ಬಣ್ಣ ನೋಡುವ ಮೊದಲು ಈ ಲೆಕ್ಕ ಹಾಕಿ. ಆಗದು ಅನ್ನಿಸಿದರೆ ಕೊಳ್ಳಬೇಡಿ. ಈಗಾಗಲೇ ಸಾಕುತ್ತಿರುವವರು ಕೈಲಾಗದಿದ್ದರೆ ಅರಣ್ಯ ಇಲಾಖೆಯನ್ನು ಸಂಪರ್ಕಿಸಿ. ಕೆರೆ ಏರಿ ಮೇಲೆ ಬಿಟ್ಟು ಬರಬೇಡಿ.