ಎಂಡೋಸ್ಕೋಪಿಗೆ ಹೊರಟಿದ್ದೀರಾ? ಒಬ್ಬರೇ ಹೋಗಬೇಡಿ

'ಗಂಟಲೊಳಗೆ ಪೈಪ್ ಇಳಿಸ್ತಾರಂತೆ ಕಣ್ರೀ, ನಂಗಂತೂ ಬೇಡಪ್ಪಾ!' ಎಂಡೋಸ್ಕೋಪಿ ಎಂದೊಡನೆ ಬರುವ ಮೊದಲ ಮಾತು ಇದು. ಚನ್ನಕೇಶವನ ತೇರು ಮುಗೀಲಿ, ಮಕ್ಕಳ ಪರೀಕ್ಷೆ ಮುಗೀಲಿ ಅಂತ ಗ್ಯಾಸ್ ಮಾತ್ರೆ ನುಂಗುತ್ತಾ ದಿನ ದೂಡುವವರು ಬೇಲೂರಿನಲ್ಲೂ ಕಡಿಮೆಯಿಲ್ಲ. ಊಟ ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಡಾಂಬರಿನಂತೆ ಕಪ್ಪಗಾದರೆ ಯಾವ ಹಬ್ಬಕ್ಕೂ ಕಾಯಬೇಡಿ.

ಪರೀಕ್ಷೆಗೆ ಮುಂಚೆ 6ರಿಂದ 8 ಗಂಟೆ ಏನೂ ತಿನ್ನುವಂತಿಲ್ಲ. ಕಾಫಿ ಸೀಮೆಯ ನಮಗೆ ಕಷ್ಟವಾಗೋದು ಇದೇ. ಬೆಳಗಿನ ಹಾಲು ಬೆರೆಸಿದ ಕಾಫಿ ಒಂದು ಗುಟುಕೂ ಬೇಡ. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎಂದು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವುದೂ ಬೇಡ, ಬಿಡುವುದೂ ಬೇಡ. ಅಲರ್ಜಿ, ಉಬ್ಬಸ, ಜೋರು ಗೊರಕೆ, ಬಸುರಿನ ಅನುಮಾನ ಇದ್ದರೆ ನಾಚಿಕೊಳ್ಳದೆ ಹೇಳಿ. ಉಗುರುಬಣ್ಣ ಅಳಿಸಿಕೊಂಡು ಹೋಗಿ, ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೇ ಹಾಕುವುದು.

ಒಳಗೆ ಗಂಟಲಿಗೆ ಕಹಿ ಸ್ಪ್ರೇ ಹೊಡೆದು ಮರಗಟ್ಟಿಸುತ್ತಾರೆ. ಎಡಮಗ್ಗುಲಿಗೆ ಮಲಗಿಸಿ, ಕೈನರಕ್ಕೆ ಮಿಡಜೋಲಂನಂಥ ಔಷಧಿ ಕೊಡುತ್ತಾರೆ. ಇದು ಆಪರೇಷನ್ನಿನ ಅರಿವಳಿಕೆಯಲ್ಲ, ಬರೀ ಮಂಪರು. ಕಿರುಬೆರಳಿನಷ್ಟು ದಪ್ಪದ ಕೊಳವೆ ಇಳಿಯುವುದು ಅನ್ನನಾಳದಲ್ಲಿ, ಹಾಗಾಗಿ ಉಸಿರು ಕಟ್ಟುವುದಿಲ್ಲ. ಹೆಚ್ಚಿನವರಿಗೆ 5-10 ನಿಮಿಷದಲ್ಲಿ ಮುಗಿಯುತ್ತದೆ. ಪರೀಕ್ಷೆಗೆಂದು ಒಳಪದರದ ಚೂರು ತೆಗೆದರೂ ನೋವಾಗದು. ಅಂದ ಹಾಗೆ, ಅಲ್ಸರ್ ಆದರೆ ಮೆಣಸಿನಕಾಯಿಯನ್ನೇ ಬೈಯುತ್ತೇವಲ್ಲ, ಬಹಳ ಸಲ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ! ಇದನ್ನು ಪತ್ತೆಹಚ್ಚಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆ ಚೂರಿನಿಂದಲೇ ಇದೂ ಗೊತ್ತಾಗುತ್ತದೆ.

ಎಚ್ಚರಿಕೆ ಬೇಕಾದದ್ದು ಆಮೇಲೆ. ಸ್ವಲ್ಪ ಹೊತ್ತಿಗೆ ಎದ್ದು ಕೂತು ಸರಿಯಾಗೇ ಮಾತಾಡುತ್ತೀರಿ, ಆದರೆ ಡಾಕ್ಟರ್ ಹೇಳಿದ್ದು ಸಂಜೆಗೆ ನೆನಪಿರದೆ ಹೋಗಬಹುದು. ಮಿಡಜೋಲಂ ಗುಣವೇ ಅಂಥದ್ದು. ಯಜಮಾನರೋ, ತಂಗಿಯೋ, ಪಕ್ಕದ್ಮನೆಯವರೋ ಜತೆಗಿದ್ದು ಕೇಳಿಸಿಕೊಂಡು ಬರೆದಿಟ್ಟುಕೊಳ್ಳಲಿ. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿ.ಮೀ. 'ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನದ ಅಡುಗೆಗೆ ಬಂದ್ಬಿಡ್ತೀನಿ' ಎಂಬ ಲೆಕ್ಕ ಬೇಡ. 24 ಗಂಟೆ ಸ್ಕೂಟಿ ಓಡಿಸಬೇಡಿ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಡಿ, ಕೈಕೂಸನ್ನು ಒಬ್ಬರೇ ನೋಡಿಕೊಳ್ಳಬೇಡಿ. ಒಲೆ ಮುಂದೆ ನಿಲ್ಲೋದಂತೂ ಬೇಡವೇ ಬೇಡ. ಒಂದು ದಿನ ಮನೆಯವರೇ ಅನ್ನ-ಸಾರು ಮಾಡಿಕೊಳ್ಳಲಿ, ಇಲ್ಲಾಂದ್ರೆ ಹೋಟೆಲಿನಿಂದ ತರಲಿ. ಆಕಾಶವೇನೂ ಕಳಚಿ ಬೀಳೋದಿಲ್ಲ.

ಗಂಟಲಿನ ಮರಗಟ್ಟುವಿಕೆ ಹೋಗುವವರೆಗೆ ನೀರೂ ಬೇಡ. ಬಳಿಕ ಗಂಜಿ, ಮೊಸರನ್ನ ಸಾಕು. ತುಸು ಗಂಟಲುನೋವು, ತೇಗು, ಹೊಟ್ಟೆಯುಬ್ಬರ ಸಹಜ. ಆದರೆ ಎದೆ ಅಥವಾ ಹೊಟ್ಟೆಯಲ್ಲಿ ತೀವ್ರ ನೋವು, ಜ್ವರ, ರಕ್ತವಾಂತಿ, ಉಸಿರಾಟದ ತೊಂದರೆ ಕಂಡರೆ ಬೆಳಗಾಗಲಿ ಎನ್ನದೆ ಕೂಡಲೇ ಆಸ್ಪತ್ರೆಗೆ ಹೊರಡಿ.