ಹೆರಿಗೆಯಲ್ಲಿ ಮಗುವಿಗಾದ ಹಾನಿ: ಸಬ್ರ್ ಎಲ್ಲಿ, ಹಕ್ಕು ಎಲ್ಲಿ?

(ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಶಾಂತಿ, ಅನುಗ್ರಹಗಳಿರಲಿ.

ಸಹೋದರ ಸಹೋದರಿಯರೇ, ನಮ್ಮ ಮೊಹಲ್ಲಾಗಳಲ್ಲಿ ಕತ್ತು ನಿಲ್ಲದ, ಒಂದು ಕೈ ಎತ್ತಲಾಗದ, ಮಾತು ಬಾರದ ಮಕ್ಕಳಿದ್ದಾರೆ. ಅವರಲ್ಲಿ ಕೆಲವರಿಗೆ ಆ ಸ್ಥಿತಿ ಬಂದದ್ದು ಹೆರಿಗೆಯ ಹೊತ್ತಿನ ನಿರ್ಲಕ್ಷ್ಯದಿಂದ ಎಂಬ ಸಂಶಯ ಮನೆಯವರಿಗೆ ಇರುತ್ತದೆ. ಆದರೆ ಹಿರಿಯರು "ತಕ್ದೀರ್, ಮಾಫ್ ಮಾಡಿಬಿಡಿ" ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಪರಿಹಾರ ಕೇಳುವುದು ಅಲ್ಲಾಹನ ತೀರ್ಮಾನವನ್ನು ಒಪ್ಪದಿರುವುದೇ? ಕೇಳುವುದಾದರೆ ಎಲ್ಲಿ, ಹೇಗೆ? ಈ ಎರಡು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಹೇಳುತ್ತೇವೆ.

ತಕ್ದೀರ್ ಎಂದರೆ ಕೈಕಟ್ಟಿ ಕೂರುವುದಲ್ಲ

ಖಲೀಫಾ ಉಮರ್(ರ)ರು ಶಾಮ್ ದೇಶದ ದಾರಿಯಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ)ರು ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದು ಅವರು ಉತ್ತರಿಸಿದ್ದು ಪ್ರಸಿದ್ಧ. ಆದದ್ದನ್ನು ಒಪ್ಪಿಕೊಳ್ಳುವುದು ಸಬ್ರ್. ಆ ಮಗುವಿನ ನಾಳೆಗಾಗಿ ನ್ಯಾಯಬದ್ಧ ದಾರಿ ಹುಡುಕುವುದು ನಮ್ಮ ಹೊಣೆ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಉದ್ದೇಶವಿಲ್ಲದೆ ಆದ ಸಾವಿಗೂ ಕುಟುಂಬಕ್ಕೆ ಪರಿಹಾರ ಸಲ್ಲಬೇಕೆಂದು ಕುರ್‌ಆನಿನ ಸೂರಾ ಅನ್ನಿಸಾದ 92ನೇ ಸೂಕ್ತ ವಿಧಿಸಿದೆ. ವಾರಸುದಾರರು ಇಚ್ಛೆಯಿಂದ ಬಿಟ್ಟುಕೊಡಬಹುದು ಎಂದೂ ಅಲ್ಲಿದೆ. ಹಾಗಾದರೆ ಕ್ಷಮಿಸುವುದು ಮೇಲಲ್ಲವೇ ಎಂದು ಕೇಳಬಹುದು. ಮೇಲು ಹೌದು, ಆದರೆ ತನ್ನದನ್ನು ಕ್ಷಮಿಸುವವನಿಗೆ. ತಂದೆ ತನ್ನ ನೋವನ್ನು ಕ್ಷಮಿಸಬಹುದು, ತಾಯಿ ತನ್ನ ಕಣ್ಣೀರನ್ನು ಕ್ಷಮಿಸಬಹುದು. ಮಗುವಿನ ಹಕ್ಕು ಮಗುವಿನದು. ತಂದೆ ಅದರ ವಲಿ ಮಾತ್ರ, ಒಡೆಯನಲ್ಲ. ಅಪ್ರಾಪ್ತ ವಯಸ್ಕರಿಗೆ ಸಲ್ಲಬೇಕಾದದ್ದನ್ನು ಬದಲಿಗೆ ಏನನ್ನೂ ಪಡೆಯದೆ ಬಿಟ್ಟುಕೊಡುವ ಅಧಿಕಾರ ವಲಿಗೆ ಇಲ್ಲ ಎಂದು ಫಿಕ್ಹ್ ವಿದ್ವಾಂಸರು ಹೇಳುತ್ತಾರೆ. ಆಸ್ಪತ್ರೆಯವರು ಒಂದಿಷ್ಟು ಹಣ ಕೊಟ್ಟು, ಇನ್ನು ಮುಂದೆ ಯಾವ ತಕರಾರೂ ಇಲ್ಲ ಎಂಬ ಕಾಗದಕ್ಕೆ ಸಹಿ ಕೇಳಿದಾಗ ಈ ಮಾತು ನೆನಪಿರಲಿ.

ಪ್ರತಿ ಹಾನಿಯೂ ವೈದ್ಯರ ತಪ್ಪಲ್ಲ

ನ್ಯಾಯ ಎರಡೂ ಕಡೆಗೆ ಸಲ್ಲಬೇಕು. ಒಂದು ಜನರ ಮೇಲಿನ ಸಿಟ್ಟು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬುದು ಕುರ್‌ಆನಿನ ಆಜ್ಞೆ. ಮೆದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ, ಎಲ್ಲ ಮಕ್ಕಳಿಗೂ ಹೆರಿಗೆಯಲ್ಲೇ ಬರುವುದಿಲ್ಲ. ಗರ್ಭದಲ್ಲಿನ ಸೋಂಕು, ಅವಧಿಗೆ ಮುನ್ನ ಜನನ, ಹುಟ್ಟಿದ ಮೇಲಿನ ತೀವ್ರ ಕಾಮಾಲೆ ಹೀಗೆ ಕಾರಣಗಳು ಹಲವು. ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾಗುವುದು ಅವುಗಳಲ್ಲಿ ಒಂದು. ಭುಜ ಸಿಕ್ಕಿಕೊಂಡು ಎಳೆದಾಗ ಕೈಯ ನರಗಳಿಗೆ ಪೆಟ್ಟಾಗಿ ತೋಳು ಜೋಲುವುದು ಇನ್ನೊಂದು ಬಗೆಯ ಹಾನಿ. ಅದು ಎಷ್ಟೋ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ.

ವೈದ್ಯ ಬಲ್ಲವನಾಗಿದ್ದು, ಅನುಮತಿ ಪಡೆದು, ವೃತ್ತಿಯ ನಿಯಮದಂತೆ ನಡೆದಿದ್ದರೆ ಫಲಿತಾಂಶಕ್ಕೆ ಅವನು ಹೊಣೆಯಲ್ಲ, ಅರಿಯದೆ ವೈದ್ಯ ಮಾಡಿದವನು ಅಥವಾ ಎಚ್ಚರ ತಪ್ಪಿದವನು ಹೊಣೆ ಎಂಬುದು ನಮ್ಮ ಫಿಕ್ಹ್‌ನ ಹಳೆಯ ನಿಯಮ. ದೇಶದ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಾಮಾನ್ಯ ಕೌಶಲದ ವೈದ್ಯರೊಬ್ಬರು ಆ ಸ್ಥಿತಿಯಲ್ಲಿ ವಹಿಸುತ್ತಿದ್ದ ಎಚ್ಚರವನ್ನು ಇವರು ವಹಿಸಿದರೇ ಎಂದು ಅದು ಕೇಳುತ್ತದೆ. ಮಗುವಿನ ಎದೆಬಡಿತ ಕುಸಿಯುತ್ತಿದ್ದರೂ ಗಮನಿಸಲಿಲ್ಲವೇ? ಸಿಸೇರಿಯನ್ ಬೇಕೆಂದು ತಿಳಿದ ಮೇಲೂ ಗಂಟೆಗಟ್ಟಲೆ ತಡವಾಯಿತೇ? ಹುಟ್ಟಿದಾಗ ಅಳದ ಮಗುವಿಗೆ ಉಸಿರು ಕೊಡಲು ಬಲ್ಲವರು ಯಾರೂ ಇರಲಿಲ್ಲವೇ? ಇಂಥ ಪ್ರಶ್ನೆಗಳ ಮೇಲೆ ತೀರ್ಪು ನಿಲ್ಲುತ್ತದೆ.

ಮೊದಲು ಕಾಗದ, ಆಮೇಲೆ ಮಾತು

ಸಾಲದ ವ್ಯವಹಾರವನ್ನೇ ಬರೆದಿಡಿ ಎಂದು ಕುರ್‌ಆನ್ ಆಜ್ಞಾಪಿಸುವಾಗ ಮಗುವಿನ ಬದುಕಿನ ದಾಖಲೆಯನ್ನು ಬಿಡಬಹುದೇ? ತಾಯಿ ಕಾರ್ಡ್, ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು ಯಾವುದನ್ನೂ ಎಸೆಯಬೇಡಿ. ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಪೂರ್ತಿ ದಾಖಲೆ ಕೇಳಿ: ಹೆರಿಗೆ ನೋವಿನ ಪ್ರಗತಿಯ ಪಾರ್ಟೋಗ್ರಾಫ್, ಮಗುವಿನ ಎದೆಬಡಿತದ ದಾಖಲೆ, ಒಪ್ಪಿಗೆ ಪತ್ರ, ನರ್ಸ್‌ಗಳ ಟಿಪ್ಪಣಿ, ಹುಟ್ಟಿದ ಒಂದನೇ ಮತ್ತು ಐದನೇ ನಿಮಿಷದ ಅಪ್ಗಾರ್ ಅಂಕ, ನವಜಾತ ಶಿಶು ಘಟಕದ ಕಾಗದಗಳು. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಅವುಗಳನ್ನು ಮೂರು ವರ್ಷ ಕಾಯ್ದಿಡಬೇಕೆಂಬುದೂ ಅದರಲ್ಲೇ ಇದೆ. ಆದ್ದರಿಂದ ತಡಮಾಡದೆ ಕೇಳಿ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬಳಿಕ ಆ ಆಸ್ಪತ್ರೆಗೆ ಸಂಬಂಧವಿಲ್ಲದ ಪ್ರಸೂತಿ ತಜ್ಞರಿಗೂ ಮಕ್ಕಳ ನರರೋಗ ತಜ್ಞರಿಗೂ ದಾಖಲೆ ತೋರಿಸಿ. ಅವರು ತಪ್ಪಿಲ್ಲ ಎಂದರೆ ಅದನ್ನೂ ಒಪ್ಪಬೇಕು. ತಪ್ಪಿದೆ ಎಂದರೆ ಲಿಖಿತ ಅಭಿಪ್ರಾಯ ಪಡೆಯಿರಿ. ಅದಿಲ್ಲದೆ ಕೇಸು ನಿಲ್ಲುವುದು ಕಷ್ಟ.

ಎಲ್ಲಿ ಕೇಳಬೇಕು?

ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಅಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಗೂ ಈ ಹಕ್ಕಿದೆ. ಮಗು ಮತ್ತು ಹೆತ್ತವರು ಇಬ್ಬರೂ ಗ್ರಾಹಕರೇ, ಇಬ್ಬರಿಗೂ ಪ್ರತ್ಯೇಕ ಪರಿಹಾರ ಸಿಗಬಹುದು ಎಂದು 1998ರ ತೀರ್ಪು ಹೇಳಿತು. ನೀವು ಕೊಟ್ಟ ಚಿಕಿತ್ಸಾ ವೆಚ್ಚ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಆ ವೆಚ್ಚ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಅವಧಿ ಎರಡು ವರ್ಷ. ಸಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಅದನ್ನು ನಂಬಿ ಕೂರಬಾರದು.

ಎಲ್ಲರಿಗೂ ಪೂರ್ತಿ ಉಚಿತವಾದ ಸರ್ಕಾರಿ ಆಸ್ಪತ್ರೆ ಸಾಮಾನ್ಯವಾಗಿ ಗ್ರಾಹಕ ಕಾನೂನಿನಿಂದ ಹೊರಗೆ. ಅಲ್ಲಿ ಸಿವಿಲ್ ನ್ಯಾಯಾಲಯ ಅಥವಾ ಹೈಕೋರ್ಟಿನ ದಾರಿ ಇದೆ. ಸರ್ಕಾರಿ ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಹೆಣ್ಣುಮಗುವಿನ ಕಣ್ಣನ್ನು ಸಕಾಲದಲ್ಲಿ ಪರೀಕ್ಷಿಸದೆ ಅದು ದೃಷ್ಟಿ ಕಳೆದುಕೊಂಡಿತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಮಗು ಹುಟ್ಟಿ ಸುಮಾರು 19 ವರ್ಷ ಕಳೆದಿತ್ತು. ಈ ದಾರಿಗೂ ಸಬ್ರ್ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಮಾಡಬಾರದ್ದು

ಆಸ್ಪತ್ರೆಗೆ ಗುಂಪು ಕಟ್ಟಿಕೊಂಡು ನುಗ್ಗುವುದು, ವೈದ್ಯರ ಮೈಮೇಲೆ ಕೈ ಮಾಡುವುದು ಹರಾಮ್, ಕರ್ನಾಟಕದ 2009ರ ಕಾಯ್ದೆಯಡಿ ಅಪರಾಧವೂ ಹೌದು. ಗಾಜು ಒಡೆದ ದಿನವೇ ಮಗುವಿನ ಕೇಸು ಅರ್ಧ ಸೋತಿರುತ್ತದೆ. ಪೊಲೀಸ್ ದೂರನ್ನು ಬೆದರಿಕೆಯಾಗಿ ಬಳಸುವುದೂ ಸಲ್ಲದು. ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪಷ್ಟಪಡಿಸಿದೆ. ವೈದ್ಯಕೀಯ ಪರಿಷತ್ತು ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದೇ ಹೊರತು ಹಣ ಕೊಡಿಸುವುದಿಲ್ಲ. ಪರಿಹಾರ ಕೇಳುವುದೆಂದರೆ ವೈದ್ಯರ ಮನೆ ಮುಳುಗಿಸುವುದು ಎಂದೂ ಭಾವಿಸಬೇಕಿಲ್ಲ. ಇಂಥ ಸಂದರ್ಭಕ್ಕೆಂದೇ ಅನೇಕ ವೈದ್ಯರು, ಆಸ್ಪತ್ರೆಗಳು ವಿಮೆ ಮಾಡಿಸಿರುತ್ತಾರೆ.

ಹಣ ಬಂದರೆ ಅದು ಮಗುವಿನ ಅಮಾನತ್

ಮುಂದಿನ ಫಿಸಿಯೋಥೆರಪಿ, ಗಾಲಿಕುರ್ಚಿ, ನೋಡಿಕೊಳ್ಳುವವರ ಖರ್ಚು, ದುಡಿಯಲಾಗದ ಬದುಕು ಇವೆಲ್ಲವನ್ನೂ ಲೆಕ್ಕ ಹಾಕಿ ಮಗುವಿಗೆ ಪರಿಹಾರ ಕೊಡಲಾಗುತ್ತದೆ. ಅದರಿಂದ ಅಕ್ಕನ ಮದುವೆ ಮಾಡುವುದು, ಅಣ್ಣನನ್ನು ಗಲ್ಫಿಗೆ ಕಳಿಸುವುದು ಖಿಯಾನತ್. ಮಗುವಿನ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ ಎಂದು ನ್ಯಾಯಾಲಯ ಆದೇಶಿಸುವುದುಂಟು. ಬಡ್ಡಿಯ ಭಾಗದ ಬಗ್ಗೆ ನಿಮ್ಮ ಆಲಿಮರನ್ನು ಕೇಳಿಕೊಳ್ಳಿ. ಆ ಪ್ರಶ್ನೆಗಾಗಿ ಮೂಲ ಪರಿಹಾರವನ್ನೇ ಬಿಡಬೇಡಿ.

ತೀರ್ಪು ಬರುವವರೆಗೆ ಮಗುವಿನ ಆರೈಕೆ ಕಾಯಬಾರದು. ಮೊದಲ ವರ್ಷಗಳ ವ್ಯಾಯಾಮ ಬಹಳ ಮುಖ್ಯ. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ, ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗಿನ ಆರೋಗ್ಯ ವಿಮೆ ಇದೆ. ಇವುಗಳಿಗೆ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ.

ಜಮಾಅತಿನವರಲ್ಲಿ ನಮ್ಮ ವಿನಂತಿ ಇಷ್ಟೇ. ಇಂಥ ಮನೆಗೆ ಹೋದಾಗ ತಾಯಿಯನ್ನು ದೂರಬೇಡಿ, ಕೇವಲ ಸಮಾಧಾನ ಹೇಳಿಯೂ ಬರಬೇಡಿ. ಅರ್ಜಿ ಬರೆಯಬಲ್ಲ ಒಬ್ಬ ಯುವಕನನ್ನು ಜೊತೆಗೆ ಕರೆದೊಯ್ಯಿರಿ. ತಾರೀಖಿನ ದಿನ ಆ ತಂದೆಯೊಂದಿಗೆ ಆಯೋಗಕ್ಕೆ ಒಬ್ಬರಾದರೂ ಹೋಗಿ.

ಅಲ್ಲಾಹನು ಆ ಮಕ್ಕಳಿಗೆ ಶಿಫಾ ನೀಡಲಿ, ಹೆತ್ತವರಿಗೆ ಬಲ ನೀಡಲಿ, ನಮ್ಮ ಕೈಗೆ ಬಂದ ಅಮಾನತ್‌ಗಳನ್ನು ಕಾಯುವ ತೌಫೀಕ್ ಕೊಡಲಿ. ಆಮೀನ್.