ಭೀಮೆಯ ದಂಡೆಗುಂಟ ಆಯಿಯ ಜೊತೆ

ಈ ಸಲದ ರಜೆಗೆ ಮೊಮ್ಮಕ್ಕಳ ಬೇಡಿಕೆ ಒಂದೇ. ಟಿವಿಯಲ್ಲಿ ಕಂಡಂಥ ಆಳವಾದ ನದಿಕಣಿವೆಯ ಅಂಚಿನಲ್ಲಿ ಇಡೀ ದಿನ ನಡೆಯಬೇಕು! ನಾವಿರುವುದು ನಾಲವಾರದಲ್ಲಿ. ಅಂಥ ಕಣಿವೆ ಬೇಕೆಂದರೆ ಆಂಧ್ರದ ಗಂಡಿಕೋಟೆಗೇ ಹೋಗಬೇಕು. ಅಲ್ಲಿ ಪೆನ್ನಾ ನದಿ ಬಂಡೆಯನ್ನು ಸೀಳಿಕೊಂಡು ಹರಿಯುತ್ತದೆ. ನಮ್ಮ ಭೀಮೆಗೆ ಅಂಥ ಅವಸರವಿಲ್ಲ. ಬಯಲುಸೀಮೆಯಲ್ಲಿ ಬಾಗಿ ಬಳುಕಿ ಸಾಗುತ್ತಾಳೆ. ಆದರೂ ಸನ್ನತಿಯ ಹತ್ತಿರ ದಂಡೆಯ ಮೇಲೆ ನಿಂತು ನೋಡಿ, ನೀರು ಎಷ್ಟು ಕೆಳಗಿದೆ ಅಂತ ಗೊತ್ತಾಗುತ್ತದೆ.

“ಮುತ್ಯಾ, ನಮ್ಮ ನದಿ ಯಾಕ ಕಣಿವಿ ಮಾಡಿಲ್ಲ?” ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಳಿಜಾರು ಹೆಚ್ಚಿದ್ದರೆ ನದಿ ತಳವನ್ನು ಕೊರೆಯುತ್ತದೆ. ನೆಲ ಸಪಾಟಾಗಿದ್ದರೆ ಬದಿಗಳನ್ನು ಕೊರೆಯುತ್ತದೆ. ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಕೃಷ್ಣೆಯನ್ನು ಸೇರುವ ಹೊತ್ತಿಗೆ ಅವಳು ಸುಮಾರು 860 ಕಿಲೋಮೀಟರ್ ಹರಿದಿರುತ್ತಾಳೆ. ನಮ್ಮೂರ ಕಡೆ ಬರುವಷ್ಟರಲ್ಲಿ ನಡಿಗೆ ನಿಧಾನವಾಗಿರುತ್ತದೆ, ನಮ್ಮ ಮನೆಯ ಆಯಿಯ ಹಾಗೆ.

ಆಯಿಯ ವಿಷಯವೇ ಈ ಯೋಜನೆಯ ಕಷ್ಟದ ಭಾಗ. ಎರಡು ವರ್ಷದಿಂದ ಅವಳು ಮೊಣಕಾಲು ನೋವಿನಿಂದ ಹೊಲಕ್ಕೂ ಹೋಗಿಲ್ಲ. ಸಪಾಟು ದಾರಿಯಲ್ಲಿ ನಿಧಾನವಾಗಿ ನಡೆಯಬಹುದು ಎಂದು ಈಗ ಡಾಕ್ಟರು ಹೇಳಿದ್ದಾರೆ. ಅಷ್ಟು ಕೇಳಿದ್ದೇ ತಡ, “ನನ್ನ ಬಿಟ್ಟು ಹೋದ್ರ ನೋಡ್ರಿ ಮತ್ತ. ನನ್ನ ಕಾಲು ಕೇಳಿ ದಾರಿ ಗೊತ್ತು ಮಾಡ್ರಿ” ಎಂದಳು. ಹಾಗಾಗಿ ನಮ್ಮ ಅಳತೆಗೋಲು ಮಕ್ಕಳ ಉತ್ಸಾಹವಲ್ಲ, ಆಯಿಯ ಕಾಲು.

ನಾಲವಾರದಿಂದ ಸನ್ನತಿಗೆ ಸುಮಾರು 20 ಕಿಲೋಮೀಟರ್. ಅಲ್ಲಿಯವರೆಗೆ ಗಾಡಿ. ಚಂದ್ರಲಾಂಬೆಯ ಗುಡಿಯಿಂದ ಕನಗನಹಳ್ಳಿಯ ಸ್ತೂಪದವರೆಗೆ ಸುಮಾರು 3 ಕಿಲೋಮೀಟರ್ ನಡಿಗೆ. ಹೋಗಿ ಬಂದರೆ 6, ಗುಡಿ ಸುತ್ತುವುದು, ದಂಡೆಗೆ ಹೋಗಿ ನಿಲ್ಲುವುದು ಸೇರಿದರೆ 8. ಆಯಿ ಗಂಟೆಗೆ 2 ಕಿಲೋಮೀಟರ್ ನಡೆದರೂ ಒಟ್ಟು ನಾಲ್ಕು ಗಂಟೆ ಸಾಕು. ಮೊಮ್ಮಗ ಈ ಲೆಕ್ಕವನ್ನು ತಾನೇ ಮಾಡಿ ಗೋಡೆಗೆ ಅಂಟಿಸಿದ್ದಾನೆ.

ಕಾಲ ಯಾವುದು? ಬೇಸಿಗೆಯ ಮಾತೇ ಬೇಡ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಚಪ್ಪಲಿಯೂ ಒಂದೊಂದು ಸೇರು ಭಾರ! ಎಳ್ಳಮಾಸಿ ಕಳೆದ ಮೇಲಿನ ಒಂದು ಭಾನುವಾರವನ್ನು ಗೊತ್ತು ಮಾಡಿದ್ದೇವೆ. ಆಗ ಜೋಳ ಎದೆಯುದ್ದ ನಿಂತಿರುತ್ತದೆ. ಅದೃಷ್ಟವಿದ್ದರೆ ಯಾರಾದರೂ ಹೊಲದವರು ಸೀತನಿಗೆ ಕರೆಯುತ್ತಾರೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ಸಂಜೆ 6ಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಆದ್ದರಿಂದ ಬೆಳಿಗ್ಗೆ 8ಕ್ಕೆ ನಡಿಗೆ ಶುರು, ಮಧ್ಯಾಹ್ನ 3ಕ್ಕೆ ಎಲ್ಲಿದ್ದರೂ ವಾಪಸು.

ನದಿಯ ಬಗ್ಗೆ ಮಾತ್ರ ನಾನು ಗಟ್ಟಿ. ಇಲ್ಲಿ ಮೋಡವೇ ಇಲ್ಲದಿದ್ದರೂ ನೀರು ಏರಬಹುದು. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಜಲಾಶಯವಿದೆ, ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನ ಬ್ಯಾರೇಜಿದೆ. ಅಲ್ಲಿ ನೀರು ಬಿಟ್ಟರೆ ಇಲ್ಲಿಗೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ದೊಡ್ಡವರು ಮರೆತಿಲ್ಲ. ಹೊರಡುವ ಹಿಂದಿನ ದಿನ ಸನ್ನತಿಯ ಪರಿಚಯದವರಿಗೆ ಫೋನ್ ಮಾಡಿ ನೀರಿನ ಮಟ್ಟ ಕೇಳುತ್ತೇನೆ. ದಂಡೆಯ ತುದಿಗೆ ಯಾರೂ ಹೋಗುವಂತಿಲ್ಲ. ಎರೆಮಣ್ಣು ಮೇಲೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಬಿರುಕು ಬಿಟ್ಟು ಗೋಡೆಯಂತೆ ಕಳಚಿ ಬೀಳುತ್ತದೆ. ತುದಿಯಿಂದ ಹತ್ತು ಹೆಜ್ಜೆ ದೂರ, ನೀರಿಗಂತೂ ಇಳಿಯುವಂತಿಲ್ಲ. ಮೊಮ್ಮಗ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ.

ಇಷ್ಟೆಲ್ಲ ಕಷ್ಟಪಟ್ಟು ಅಲ್ಲಿ ನೋಡುವುದೇನು ಅಂತೀರಾ? 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು, ಮೂರ್ತಿ ಒಡೆಯಿತು. ಎಲ್ಲರೂ ಮರುಗುತ್ತಿರುವಾಗ, ಮೂರ್ತಿ ನಿಂತಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಓದಿದರೆ ಅವು ಅಶೋಕ ಚಕ್ರವರ್ತಿಯ ಶಾಸನಗಳು! ಮೂರ್ತಿ ಕೂರಿಸಲು ಯಾರೋ ಹಿಂದೆ ಆ ಕಲ್ಲಿನ ನಡುವೆ ಚೌಕದ ತೂತು ಕೊರೆದಿದ್ದರು. ಎಷ್ಟು ಅಕ್ಷರಗಳು ಆ ತೂತಿನಲ್ಲಿ ಹೋದವೋ! ಉಳಿದವುಗಳಲ್ಲಿ ಹನ್ನೆರಡನೆಯ ಶಾಸನವೂ ಇದೆ. ನಿಮ್ಮ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರದನ್ನು ಹಳಿಯಬೇಡಿ ಎನ್ನುವುದು ಅದರ ತಾತ್ಪರ್ಯ.

ಮುಂದೆ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅದಕ್ಕೆ ಬಳಸಿರುವುದು ಸುಣ್ಣಕಲ್ಲು. ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಅಲ್ಲಿನ ಒಂದು ಚಪ್ಪಡಿಯಲ್ಲಿ ಒಬ್ಬ ರಾಜ, ಜೊತೆಗೆ ರಾಣಿ, ಪರಿವಾರದವರಿದ್ದಾರೆ. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೊಕೊ’ ಎಂದಿದೆ. ಹೆಸರಿನ ಸಮೇತ ಅಶೋಕನ ಚಿತ್ರ, ಅದೂ ನಮ್ಮ ತಾಲ್ಲೂಕಿನಲ್ಲಿ!

ಬುತ್ತಿಗೆ ಕಟಕ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು. ಆಯಿಗೆ ಊರುಗೋಲು, ಮಕ್ಕಳಿಗೆ ಟೋಪಿ, ನನ್ನ ಜೇಬಿನಲ್ಲಿ ಪಟ್ಟಿ ಮತ್ತು ಮುಲಾಮು. ಕನಗನಹಳ್ಳಿ ತಲುಪಿದಾಗ ಮೊಣಕಾಲು ಊದಿದ್ದರೆ ವಾಪಸು ನಡಿಗೆ ಇಲ್ಲ. ಗಾಡಿಯವನಿಗೆ ಅಲ್ಲಿಗೇ ಬಾ ಎಂದು ಮೊದಲೇ ಹೇಳಿಟ್ಟಿದ್ದೇನೆ. ಇದನ್ನು ಆಯಿಗೆ ತಿಳಿಸಿಲ್ಲ. ಈ ಪತ್ರಿಕೆ ಮನೆಗೆ ಬಂದ ದಿನ ತಿಳಿಯುತ್ತದೆ, ಬೈಗುಳ ಗ್ಯಾರಂಟಿ.

ಮೊಮ್ಮಗಳು ಈಗಲೇ ಬ್ರಾಹ್ಮಿ ಅಕ್ಷರ ಕಲಿಯುತ್ತಿದ್ದಾಳೆ. ಬ್ರಾಹ್ಮಿಯ ‘ಕ’ ಗಣಿತದ ಕೂಡಿಸುವ ಚಿಹ್ನೆಯ ಹಾಗೇ ಇರುತ್ತದೆ. ಕಲ್ಲಿನ ಮೇಲೆ ಅದನ್ನು ಮೊದಲು ಹುಡುಕಿದವರಿಗೆ ಆಯಿಯ ಡಬ್ಬಿಯಿಂದ ಎರಡು ಶೇಂಗಾ ಉಂಡಿ.